ವೇಗದ ಕಿಣ್ವ ಇರುವ ಹಣ್ಣುನೊಣ ಗೆಲ್ಲಬೇಕಲ್ವಾ? ನಿಧಾನದ್ದು ಯಾಕೆ ಇನ್ನೂ ಉಳಿದಿದೆ?

ಸುಮಾ, ರಾಜಾಜಿನಗರ:

ನಮಸ್ಕಾರ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಸೈನ್ಸ್ ಕ್ಲಬ್ಬಿನ ಮಕ್ಕಳು ಈಗ ಹಣ್ಣುನೊಣ ಹಿಡಿಯುವುದರಲ್ಲೇ ಮುಳುಗಿದ್ದಾರೆ. ಕಳಿತ ಏಲಕ್ಕಿ ಬಾಳೆಹಣ್ಣಿಗೆ ಚಿಟಿಕೆ ಯೀಸ್ಟ್ ಉದುರಿಸಿ, ಬಾಟಲಿಯ ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ ಇಡುತ್ತಾರೆ. ಕೆಲವು ಬಾಟಲಿ ಮನೆಯ ಅಡುಗೆಮನೆಯಲ್ಲಿ, ಕೆಲವು ಮಲ್ಲೇಶ್ವರ ಎಂಟನೇ ಕ್ರಾಸಿನ ಹಣ್ಣಿನ ಅಂಗಡಿಗಳ ಹತ್ತಿರ. ನೊಣಕ್ಕಂತೂ ಬರವಿಲ್ಲ.

ನಿಸರ್ಗದ ಆಯ್ಕೆಯ ಪಾಠಕ್ಕೆ ಈ ನೊಣವನ್ನೇ ಉದಾಹರಣೆ ಕೊಟ್ಟೆ. ಕೊಳೆಯುವ ಹಣ್ಣಿನಲ್ಲಿ ಆಲ್ಕೋಹಾಲ್ ಆಗುತ್ತದೆ. ಅದನ್ನು ಅರಗಿಸಿಕೊಳ್ಳಲು ನೊಣಕ್ಕೆ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಬೇಕು. ಅದರ ಜೀನಿಗೆ ಎರಡು ರೂಪ, ಫಾಸ್ಟ್ ಮತ್ತು ಸ್ಲೋ. ಫಾಸ್ಟ್ ಚುರುಕು, ಸ್ಲೋ ಬಿಸಿ ತಾಳುತ್ತದೆ. ಅದಕ್ಕೇ ತಂಪು ಸೀಮೆಯಲ್ಲಿ ಫಾಸ್ಟ್ ಜಾಸ್ತಿ, ಬಿಸಿ ಸೀಮೆಯಲ್ಲಿ ಸ್ಲೋ ಜಾಸ್ತಿ. ನಾನು ಓದುವಾಗ ಬರೆದುಕೊಂಡ ನೋಟ್ಸಿನಲ್ಲಿ ಇಷ್ಟು ಇದೆ.

ಒಬ್ಬ ಹುಡುಗಿ ಎದ್ದು ಕೇಳಿದಳು: “ಮಿಸ್, ಬೆಂಗಳೂರು ಭೂಮಧ್ಯರೇಖೆಗೆ ಹತ್ತಿರ. ಆದ್ರೆ ಅಷ್ಟೇನೂ ಬಿಸಿ ಊರಲ್ಲ. ಹಾಗಾದ್ರೆ ಇಲ್ಲಿ ಯಾವುದು ಜಾಸ್ತಿ ಇರ್ಬೇಕು?” ಅವಳ ಪಕ್ಕದವನು ಇನ್ನೊಂದು ಸೇರಿಸಿದ: “ಕಿಣ್ವ ಎರಡು ಪಟ್ಟು ವೇಗ ಆದ್ರೆ ನೊಣ ಎರಡು ಪಟ್ಟು ಚೆನ್ನಾಗಿ ಬದುಕುತ್ತಾ?”

ಎರಡೂ ಒಳ್ಳೆಯ ಪ್ರಶ್ನೆ. ಸುಮ್ನೆ ಏನೋ ಒಂದು ಹೇಳಿ ಮುಗಿಸಲು ನನಗೆ ಇಷ್ಟವಿಲ್ಲ. ಈ ವಿಷಯದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.


ವಿಶಾಲಾಕ್ಷಿ, ಮಲ್ಲೇಶ್ವರ:

ಸುಮಾ ಅವರೇ, ನಿಮ್ಮ ಆ ಇಬ್ಬರು ಮಕ್ಕಳನ್ನು ನೋಡಬೇಕು ಅನ್ನಿಸಿತು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ ಮಾಡಿದವಳು. ಆಮೇಲೆ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದೆ. ಮೈಸೂರಿನಲ್ಲಿ ಆಗ ನೊಣದ ಕೆಲಸ ಬಲು ಜೋರು. ಗೋಧಿ ರವೆ, ಬೆಲ್ಲ, ಅಗರ್ ಕುದಿಸುವ ವಾಸನೆ ಕಾರಿಡಾರಿನ ತುಂಬ ಇರುತ್ತಿತ್ತು. ಡ್ರೊಸೊಫಿಲಾ ಅಂದರೆ ಈ ಹಣ್ಣುನೊಣವೇ; ಅದರ ತಳಿಗಳನ್ನು ಕಾಪಾಡುವ ಸ್ಟಾಕ್ ಸೆಂಟರ್ ಇವತ್ತಿಗೂ ಅಲ್ಲೇ ಇದೆ.

ಮೊದಲು ಒಂದು ವಿಷಯ ಮಕ್ಕಳಿಗೆ ಬಿಡಿಸಿ ಹೇಳಿ. ಫಾಸ್ಟ್, ಸ್ಲೋ ಎನ್ನುವುದು ಕಿಣ್ವದ ಕೆಲಸದ ವೇಗ ನೋಡಿ ಇಟ್ಟ ಹೆಸರಲ್ಲ. ನೊಣವನ್ನು ಅರೆದು, ರಸವನ್ನು ಜೆಲ್‌ಗೆ ಹಾಕಿ, ಕರೆಂಟು ಹರಿಸುತ್ತೇವೆ. ಒಂದು ರೂಪ ಬೇಗ ಸರಿಯುತ್ತದೆ, ಇನ್ನೊಂದು ತಡವಾಗಿ. ಆಮೇಲೆ ಆಲ್ಕೋಹಾಲ್, ಎನ್‌ಎಡಿ (ಕಿಣ್ವದ ಕೆಲಸಕ್ಕೆ ಬೇಕಾದ ಸಹಾಯಕ ಅಣು) ಮತ್ತು ಬಣ್ಣದ ದ್ರಾವಣ ಹಾಕಿ ಕತ್ತಲಲ್ಲಿ ಇಟ್ಟರೆ ಕಿಣ್ವ ಇರುವ ಕಡೆ ನೇರಳೆ ಪಟ್ಟಿ ಏಳುತ್ತದೆ. ಈ ಕಿಣ್ವದಲ್ಲಿ ಎರಡು ತುಂಡು ಜೋಡಿಯಾಗಿ ಇರುತ್ತವೆ. ಹಾಗಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ರೂಪ ಬಂದ ನೊಣದಲ್ಲಿ ನಡುವೆ ಇನ್ನೊಂದು ಪಟ್ಟಿಯೂ ಕಾಣುತ್ತದೆ. ಮಿಶ್ರ ಜೋಡಿಯ ಪಟ್ಟಿ ಅದು. ಮೆಂಡಲ್ ಹೇಳಿದ್ದು ಕಣ್ಣೆದುರಿಗೇ ಮೂಡುತ್ತದೆ. ಅದನ್ನು ನೋಡಿದ ವಿದ್ಯಾರ್ಥಿಗೆ ಮತ್ತೆ ಪುಸ್ತಕ ತೆಗೆದು ವಿವರಿಸಬೇಕಾಗಿಲ್ಲ.

ಎರಡಕ್ಕೂ ಪ್ರೋಟೀನಿನಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. 192ನೇ ಜಾಗದಲ್ಲಿ ಫಾಸ್ಟ್‌ಗೆ ಥ್ರಿಯೋನಿನ್, ಸ್ಲೋಗೆ ಲೈಸಿನ್. ಲೈಸಿನ್‌ಗೆ ಧನ ವಿದ್ಯುದಂಶ ಇದೆ. ಅದಕ್ಕೇ ಜೆಲ್‌ನಲ್ಲಿ ಅದು ಹಿಂದೆ ಬೀಳುತ್ತದೆ. 1983ರಲ್ಲಿ ಮಾರ್ಟಿನ್ ಕ್ರೈಟ್‌ಮನ್ ಐದು ಕಡೆಯ ನೊಣಗಳಿಂದ ಈ ಜೀನಿನ 11 ಪ್ರತಿಗಳನ್ನು ತೆಗೆದು ಡಿಎನ್‌ಎಯ ಒಂದೊಂದು ಅಕ್ಷರವನ್ನೂ ಓದಿದರು. 43 ಕಡೆ ಅಕ್ಷರ ವ್ಯತ್ಯಾಸ ಸಿಕ್ಕಿತು. ಆದರೆ ಪ್ರೋಟೀನನ್ನು ಬದಲಿಸುವುದು ಒಂದೇ ಒಂದು, ಇದೇ 192ನೆಯದು. ಪ್ರೋಟೀನ್ ಮುಟ್ಟುವ ಬೇರೆ ಬದಲಾವಣೆಗಳು ಉಳಿದೇ ಇಲ್ಲ. ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ನನಗೆ ಎಷ್ಟು ಸಂತೋಷವಾಗಿತ್ತು ಎಂದು ಹೇಳಲಾರೆ.

ಹಾಗಂತ ಫಾಸ್ಟ್ ನಿಜಕ್ಕೂ ಚುರುಕಲ್ಲ ಅಂತ ಅಲ್ಲ. ಇಡೀ ನೊಣ ಅರೆದು ಅಳೆದರೆ ಫಾಸ್ಟ್ ನೊಣಗಳಲ್ಲಿ ಕಿಣ್ವದ ಚಟುವಟಿಕೆ ಸ್ಲೋಗಿಂತ ಎರಡರಿಂದ ಮೂರು ಪಟ್ಟು ಇರುತ್ತದೆ. ಒಂದೊಂದು ಅಣುವೂ ಜಾಸ್ತಿ ಕೆಲಸ ಮಾಡುತ್ತದೆ. ಜೊತೆಗೆ ಅಣುಗಳ ಸಂಖ್ಯೆಯೂ ಜಾಸ್ತಿ.

ಈಗ ನಿಮ್ಮ ಹುಡುಗನ ಪ್ರಶ್ನೆ. ಕಿಣ್ವ ಎರಡು ಪಟ್ಟು ಅಂದರೆ ಬದುಕು ಎರಡು ಪಟ್ಟಾ? ಅಲ್ಲ. ಮದುವೆಮನೆಯ ಪಂಕ್ತಿ ನೋಡಿ. ಅನ್ನ ಬಡಿಸುವವನು ಎಷ್ಟೇ ಓಡಲಿ, ಸಾರಿನವನು ನಿಧಾನವಾದರೆ ಪಂಕ್ತಿ ಬೇಗ ಏಳುವುದಿಲ್ಲ. ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗಬೇಕು. ಅದು ಅಸಿಟೇಟ್ ಆಗಬೇಕು. ಆಮೇಲೆ ಕೊಬ್ಬೋ ಶಕ್ತಿಯೋ ಆಗಬೇಕು. ಸಾಲಿನಲ್ಲಿ ಒಬ್ಬನ ವೇಗ ಹೆಚ್ಚಿದರೆ ಒಟ್ಟು ಹರಿವು ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಕ್ಯಾಕ್ಸರ್ ಮತ್ತು ಬರ್ನ್ಸ್ 1981ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅವರ ಗ್ರಾಫನ್ನು ಬೋರ್ಡಿನ ಮೇಲೆ ಬರೆದುಬಿಡಿ. ಅಡ್ಡಕ್ಕೆ ಕಿಣ್ವದ ಚಟುವಟಿಕೆ, ಉದ್ದಕ್ಕೆ ಹರಿವು. ಸೊನ್ನೆಯಿಂದ ಗೆರೆ ಸರ್ರನೆ ಏರುತ್ತದೆ, ಆಮೇಲೆ ಬಗ್ಗಿ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಕಿಣ್ವ ಅರ್ಧ ಇದ್ದರೂ ಹರಿವು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಒಂದು ಜೀನ್ ಕೆಟ್ಟರೂ ಇನ್ನೊಂದರಿಂದ ಸಾಮಾನ್ಯವಾಗಿ ಕೆಲಸ ಸಾಗುವುದು, ಅಂದರೆ ಮೆಂಡಲ್‌ನ ಪ್ರಬಲ ಗುಣ, ದುರ್ಬಲ ಗುಣ, ಇಲ್ಲಿಂದಲೇ ಬರುತ್ತದೆ ಎಂದು ಅವರು ಹೇಳಿದರು. ಪಿಯು ಮಕ್ಕಳಿಗೆ ಇದಕ್ಕಿಂತ ಚಂದದ ಪಾಠ ಬೇಕಾ?

ಈ ಕಿಣ್ವಕ್ಕೇ ಅದನ್ನು ಪರೀಕ್ಷಿಸಿದ್ದೂ ಆಗಿದೆ. 1983ರಲ್ಲಿ ಮಿಡಲ್‌ಟನ್ ಮತ್ತು ಕ್ಯಾಕ್ಸರ್ ಬೆಳೆದ ನೊಣಗಳಲ್ಲಿ ಆಲ್ಕೋಹಾಲಿನ ಹರಿವನ್ನೇ ಅಳೆದರು. ಕಿಣ್ವದ ಚಟುವಟಿಕೆಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೂ ಹರಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಿಣ್ವವೇ ಇಲ್ಲದ ನೊಣದ ಕಥೆ ಬೇರೆ. ಆಲ್ಕೋಹಾಲ್ ಇರುವ ಆಹಾರದ ಮೇಲೆ ಅದು ಸಾಯುತ್ತದೆ.

ಇನ್ನೊಂದು ಹೇಳಲೇಬೇಕು, ನನಗೆ ಇದು ತುಂಬ ಇಷ್ಟ. ಪೆಂಟೈನಾಲ್ ಎಂಬ ಬೇರೊಂದು ಆಲ್ಕೋಹಾಲ್ ಇದೆ. ಈ ಕಿಣ್ವ ಅದನ್ನು ವಿಷದ ಕೀಟೋನ್ ಆಗಿ ಬದಲಾಯಿಸುತ್ತದೆ. ಅದನ್ನು ಆಹಾರದಲ್ಲಿ ಬೆರೆಸಿದರೆ ಕಿಣ್ವ ಇರುವ ನೊಣ ಸಾಯುತ್ತದೆ, ಇಲ್ಲದ್ದು ಬದುಕುತ್ತದೆ. 1972ರಲ್ಲಿ ಸೋಫರ್ ಮತ್ತು ಹಾಟ್‌ಕಾಫ್ ಇದೇ ಉಪಾಯದಿಂದ ಕಿಣ್ವ ಇಲ್ಲದ ನೊಣಗಳನ್ನು ಆರಿಸಿ ತೆಗೆದರು. ಕಿಣ್ವ ಅದೇ, ಚಟುವಟಿಕೆ ಅದೇ. ಬಟ್ಟಲಲ್ಲಿ ಏನಿದೆ ಎಂಬುದರ ಮೇಲೆ ಲಾಭ ನಷ್ಟ ತಿರುಗಿಬಿಡುತ್ತದೆ. “ಚುರುಕು ಅಂದ್ರೆ ಒಳ್ಳೇದು” ಎನ್ನುವ ಮಕ್ಕಳಿಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಇದನ್ನೇ.

ಬಿಸಿಯ ವಿಷಯವನ್ನು ಈಗ ಕೆಲಸ ಮಾಡುತ್ತಿರುವವರು ಹೇಳಲಿ.


ಶ್ರೀನಿವಾಸಪುರದ ಮಾವು:

ಮಧ್ಯೆ ಬಾಯಿ ಹಾಕ್ತಿದೀನಿ, ಬೇಜಾರಾಗಬೇಡಿ. ನಮ್ಮ ತೋಟದ ಮಾವಿನಕಾಯಿಗೆ ಚುಚ್ಚಿ ಹುಳ ಬಿಡುವ ನೊಣ ಇದೇನಾ? ಅದಕ್ಕೂ ಆಲ್ಕೋಹಾಲ್ ಬೇಕಾ? ನಾವು ಮೀಥೈಲ್ ಯೂಜಿನಾಲ್ ಬಲೆ ಕಟ್ಟುತ್ತೇವೆ.


ವಿಶಾಲಾಕ್ಷಿ, ಮಲ್ಲೇಶ್ವರ:

ಅಲ್ಲಪ್ಪ, ಅದು ಬೇರೆ. ನಿಮ್ಮದು ಬ್ಯಾಕ್ಟ್ರೊಸೆರಾ. ದೊಡ್ಡದು, ಗಟ್ಟಿ ಹಣ್ಣಿಗೇ ಚುಚ್ಚುತ್ತದೆ. ಇಲ್ಲಿ ಮಾತಾಡುತ್ತಿರುವುದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಎಳ್ಳಿನಷ್ಟು ದಪ್ಪ. ಕೊಳೆತು ಹುಳಿ ಬಂದ ಹಣ್ಣಿಗೆ ಮಾತ್ರ ಬರುತ್ತದೆ, ಯೀಸ್ಟ್ ತಿನ್ನುತ್ತದೆ. ನಿಮ್ಮ ಬಲೆಗೆ ಇದು ಬೀಳುವುದಿಲ್ಲ. ನಿಮ್ಮ ಬೆಳೆಗೂ ಇದರಿಂದ ತೊಂದರೆ ಇಲ್ಲ.


ಹೆಬ್ಬಾಳ ನೊಣದ ಕೋಣೆ:

ವಿಶಾಲಾಕ್ಷಿ ಮೇಡಂ ಬರೆದದ್ದು ಓದಿ ಖುಷಿಯಾಯಿತು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನೊಣಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬಿಸಿಯ ವಿಷಯ ನಾನು ಹೇಳುತ್ತೇನೆ. ಸುಮಾ ಮೇಡಂ, ನಿಮ್ಮ ನೋಟ್ಸಿನ ಆ ಭಾಗವನ್ನು ಈಗ ತಿದ್ದಿಕೊಳ್ಳಬೇಕಾಗುತ್ತದೆ.

ಫಾಸ್ಟ್ ಚುರುಕು ಆದರೆ ಬಿಸಿಗೆ ಕೆಡುತ್ತದೆ, ಸ್ಲೋ ನಿಧಾನ ಆದರೆ ಬಿಸಿ ತಾಳುತ್ತದೆ, ಆದ್ದರಿಂದ ಎರಡೂ ಉಳಿದಿವೆ. ಇದು ದಶಕಗಳ ಕಾಲ ಪುಸ್ತಕಗಳಲ್ಲಿ ಬಂದ ವಿವರಣೆ. 2019ರಲ್ಲಿ ಸಿದ್ದಿಕ್ ಮತ್ತು ಥಾರ್ನ್‌ಟನ್ ಅದನ್ನು ನೇರವಾಗಿ ಪರೀಕ್ಷಿಸಿದರು. ಹಳೆಯ ಕೆಲಸಗಳಲ್ಲಿ ಒಂದು ತೊಡಕಿತ್ತು. ಹೊರಗಿನಿಂದ ಹಿಡಿದು ತಂದ ಫಾಸ್ಟ್ ನೊಣಕ್ಕೂ ಸ್ಲೋ ನೊಣಕ್ಕೂ ಆ ಒಂದು ಅಕ್ಷರ ಮಾತ್ರ ಬೇರೆ ಇರುವುದಿಲ್ಲ. ಅಕ್ಕಪಕ್ಕದ ಎಷ್ಟೋ ಅಕ್ಷರಗಳೂ ಬೇರೆ ಇರುತ್ತವೆ. ಎಷ್ಟು ಪ್ರೋಟೀನ್ ತಯಾರಾಗಬೇಕು ಎಂದು ನಿರ್ಧರಿಸುವ ಭಾಗವೂ ಬೇರೆ ಇರುತ್ತದೆ. ಯಾವುದರಿಂದ ಏನಾಯಿತು ಎಂದು ಹೇಳುವುದು ಹೇಗೆ? ಇವರು ಬೇಕಾದ ಬದಲಾವಣೆಯನ್ನು ಮಾತ್ರ ಮಾಡಿದ ಜೀನುಗಳನ್ನು ನೊಣಕ್ಕೆ ಸೇರಿಸಿದರು. ಆಮೇಲೆ ಅಳೆದರು.

ಫಾಸ್ಟ್ ಪ್ರೋಟೀನ್ ಚುರುಕು ಎಂಬುದು ನಿಜವೇ ಆಯಿತು. ಆಲ್ಕೋಹಾಲ್ ತಾಳುವ ಶಕ್ತಿಯೂ ಹೆಚ್ಚಿತು. ಫಾಸ್ಟ್ ಜೊತೆಗೆ ಬರುವ ನಿಯಂತ್ರಣದ ಭಾಗವೂ ಅದಕ್ಕೆ ಸಹಾಯ ಮಾಡುತ್ತದೆ. ಆದರೆ ಬಿಸಿಯಲ್ಲಿ ಫಾಸ್ಟ್ ಕೆಡಲೇ ಇಲ್ಲ. ಅವರು ನೋಡಿದ ಎಲ್ಲ ಉಷ್ಣತೆಯಲ್ಲೂ ಫಾಸ್ಟ್ ನೊಣಗಳೇ ಜಾಸ್ತಿ ತಾಳಿದವು. ಎರಡನ್ನೂ ಉಳಿಸುವ ಆಯ್ಕೆ ನಡೆದಿದೆ ಎನ್ನಲು ಡಿಎನ್‌ಎಯಲ್ಲೂ ಗುರುತು ಸಿಗಲಿಲ್ಲ.

ಹಾಗಾದರೆ ತಂಪು ಸೀಮೆ, ಬಿಸಿ ಸೀಮೆಯ ಆ ಏರಿಳಿತ ಸುಳ್ಳಾ? ಅಲ್ಲ, ಅದು ನಿಜ. ಹಲವು ಖಂಡಗಳಲ್ಲಿ ಭೂಮಧ್ಯರೇಖೆಯಿಂದ ದೂರ ಹೋದಂತೆ ಫಾಸ್ಟ್ ಹೆಚ್ಚುತ್ತದೆ. ಪೂರ್ವ ಆಸ್ಟ್ರೇಲಿಯಾದಲ್ಲಿ ಸುಮಾರು 20 ವರ್ಷಗಳಲ್ಲಿ ಆ ಏರಿಳಿತವೇ ಅಕ್ಷಾಂಶದಲ್ಲಿ 4 ಡಿಗ್ರಿಯಷ್ಟು ಸರಿದಿದೆ ಎಂದು 2005ರಲ್ಲಿ ವರದಿಯಾಯಿತು. ಹವಾಮಾನದ ಜೊತೆ ಏನೋ ನಂಟು ಇದೆ. ಆದರೆ ಆ ನಂಟು ಈ ಕಿಣ್ವದ ಬಿಸಿ ತಾಳುವ ಗುಣದಿಂದಲೇ ಬರಬೇಕೆಂದಿಲ್ಲ. ಎರಡನೇ ಕ್ರೋಮೋಸೋಮಿನ ಎಡ ತೋಳಿನಲ್ಲಿ ಒಂದು ದೊಡ್ಡ ತುಂಡು ತಲೆಕೆಳಗಾಗಿ ಕೂತಿರುವ ನೊಣಗಳಿವೆ. ಬಿಸಿ ಸೀಮೆಯಲ್ಲಿ ಅವು ಜಾಸ್ತಿ. ಆ ಕ್ರೋಮೋಸೋಮುಗಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ಸ್ಲೋ ಇರುತ್ತದೆ. ತುಂಡಿಗೆ ಲಾಭವಾದರೆ ಸ್ಲೋ ಕೂಡ ಜೊತೆಗೆ ಏರುತ್ತದೆ. ಇನ್ನು ಈ ನೊಣದ ಮೂಲ ಆಫ್ರಿಕಾ. ಅದು ಎಲ್ಲಿಂದ ಎಲ್ಲಿಗೆ, ಯಾವಾಗ ಹರಡಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಜಾಗಗಳಲ್ಲಿ ಫಾಸ್ಟ್ ಕಡೆಗೆ ಆಯ್ಕೆ ನಡೆದಿದೆ, ಅದಕ್ಕೆ ನೊಣದ ವಲಸೆಯ ಇತಿಹಾಸ ಸೇರಿಕೊಂಡಿದೆ. ಸಿದ್ದಿಕ್ ಮತ್ತು ಥಾರ್ನ್‌ಟನ್ ಎಚ್ಚರಿಕೆಯಿಂದ ಹೇಳುವುದು ಇಷ್ಟು.

ಎರಡು ವರ್ಷ ಮೊದಲು, 2017ರಲ್ಲಿ, ಇದೇ ಗುಂಪು ಮೆಲನೊಗ್ಯಾಸ್ಟರಿನ ಪೂರ್ವಜನ ಕಿಣ್ವವನ್ನು ಮತ್ತೆ ಕಟ್ಟಿ ಪರೀಕ್ಷಿಸಿತ್ತು. ಆಲ್ಕೋಹಾಲಿಗೆ ಹೊಂದಿಕೊಳ್ಳಲೆಂದೇ ಈ ಜಾತಿಯ ಕಿಣ್ವ ಬದಲಾಯಿತು ಎಂಬ ಇನ್ನೊಂದು ಪ್ರಸಿದ್ಧ ವಿವರಣೆಯೂ ಅಲ್ಲಿ ನಿಲ್ಲಲಿಲ್ಲ. ಅಂದರೆ ಚಂದದ ವಿವರಣೆ ಇದೆ ಎಂದ ಮಾತ್ರಕ್ಕೆ ನಂಬಬಾರದು. ನನ್ನ ಗೈಡ್ ನನಗೆ ಕಲಿಸಿದ್ದರಲ್ಲಿ ನಾನು ಬಲವಾಗಿ ಹಿಡಿದುಕೊಂಡಿರುವುದು ಇದನ್ನೇ.

ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಅಕ್ಷಾಂಶವನ್ನೂ ಉಷ್ಣತೆಯನ್ನೂ ಬೇರೆ ಮಾಡಿದಳು. ಅದೇ ಸರಿಯಾದ ದಾರಿ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಆದರೆ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಮಂಗಳೂರು ಹೆಚ್ಚುಕಡಿಮೆ ಅದೇ ಅಕ್ಷಾಂಶ, ಆದರೆ ಸಮುದ್ರದ ಮಗ್ಗುಲಲ್ಲಿ. ಎರಡೂ ಊರಿನ ನೊಣ ತಂದು ಒಟ್ಟಿಗೆ ಜೆಲ್ ಓಡಿಸಿದರೆ ಅಕ್ಷಾಂಶ ಬದಲಾಗದೆ ಉಷ್ಣತೆ ಬದಲಾದಾಗ ಏನಾಗುತ್ತದೆ ಎಂದು ನೋಡಬಹುದು. ಇಂಥ ಹೋಲಿಕೆ ಊಹೆಯಿಂದ ತೀರ್ಮಾನವಾಗುವುದಲ್ಲ.


ವಿಶಾಲಾಕ್ಷಿ, ಮಲ್ಲೇಶ್ವರ:

ಚೆನ್ನಾಗಿ ಬರೆದಿದ್ದೀರಿ. ಒಂದು ಕಡೆ ಮಾತ್ರ ನಾನು ನಿಮ್ಮ ಜೊತೆ ವಾದ ಮಾಡುತ್ತೇನೆ.

ಸೀಸೆಯ ಒಳಗೆ ಎಲ್ಲ ಉಷ್ಣತೆಯಲ್ಲೂ ಫಾಸ್ಟ್ ಗೆದ್ದಿತು, ಸರಿ. ಆದರೆ ಫಿಟ್‌ನೆಸ್ ಅಂದರೆ ಆಲ್ಕೋಹಾಲ್ ತಾಳುವುದು ಅಷ್ಟೇ ಅಲ್ಲ. ಮೊಟ್ಟೆಯಿಂದ ಹಿಡಿದು ಸಂಗಾತಿ ಸಿಗುವವರೆಗೆ, ಮತ್ತೆ ಮೊಟ್ಟೆ ಇಡುವವರೆಗೆ ಎಲ್ಲವೂ ಅದರಲ್ಲಿ ಸೇರುತ್ತದೆ. ಕಣಜಗಳನ್ನೇ ನೋಡಿ. ಲೆಪ್ಟೊಪಿಲಿನಾ ಎಂಬ ಪುಟ್ಟ ಕಣಜ ನೊಣದ ಮರಿಹುಳುವಿನ ಒಳಗೆ ಮೊಟ್ಟೆ ಇಡುತ್ತದೆ. 2012ರಲ್ಲಿ ಮಿಲನ್, ಕಾಕ್ಸೊ, ಷ್ಲೆಂಕೆ ತೋರಿಸಿದಂತೆ, ಹೀಗೆ ಮೊಟ್ಟೆ ಹೊತ್ತ ಮರಿಹುಳುಗಳು ಆಲ್ಕೋಹಾಲ್ ಇರುವ ಆಹಾರದ ಕಡೆ ಹೋಗುತ್ತವೆ. ಆ ಆಲ್ಕೋಹಾಲ್ ಒಳಗಿನ ಕಣಜದ ಮರಿಯನ್ನು ಕೊಲ್ಲುತ್ತದೆ. ಇಂಥ ಜಾಗದಲ್ಲಿ ಆಲ್ಕೋಹಾಲನ್ನು ಬೇಗ ಕರಗಿಸಿಬಿಡುವುದು ಒಳ್ಳೆಯದಾ, ಸ್ವಲ್ಪ ಹೊತ್ತು ಮೈಯಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದಾ? ಕೆ.ಆರ್. ಮಾರ್ಕೆಟ್ಟಿನ ಕಸದ ಗುಡ್ಡೆಯಲ್ಲಿ ಹಲಸು, ಸೀಬೆ, ಅನಾನಸ್ ಎಲ್ಲ ಒಟ್ಟಿಗೆ ಕೊಳೆಯುತ್ತವೆ. ಒಂದೊಂದರಲ್ಲೂ ಆಲ್ಕೋಹಾಲ್ ಬೇರೆ ಬೇರೆ ಪ್ರಮಾಣ, ಯೀಸ್ಟ್ ಬೇರೆ ಬೇರೆ. ಅಲ್ಲಿಯ ಫಿಟ್‌ನೆಸ್ಸನ್ನು ಅಲ್ಲೇ ಅಳೆಯಬೇಕು. ಬಿಸಿಯ ವಿವರಣೆ ಬಿದ್ದುಹೋಯಿತು ಎಂಬುದನ್ನು ಒಪ್ಪುತ್ತೇನೆ. ಸ್ಲೋ ಉಳಿಯಲು ಆಯ್ಕೆಯ ಪಾತ್ರವೇ ಇಲ್ಲ ಎಂಬುದನ್ನು ಇನ್ನೂ ಒಪ್ಪುವುದಿಲ್ಲ.


ಹೆಬ್ಬಾಳ ನೊಣದ ಕೋಣೆ:

ಒಪ್ಪಿದೆ ಮೇಡಂ. ಆಯ್ಕೆ ಇಲ್ಲವೇ ಇಲ್ಲ ಎಂದು ನಾನೂ ಹೇಳುವುದಿಲ್ಲ. ಬಿಸಿಯ ಹೆಸರಿನಲ್ಲಿ ಅಲ್ಲ ಅಂತ ಮಾತ್ರ. ಕಣಜದ ಪರೀಕ್ಷೆಯನ್ನು ಆ ಒಂದೇ ಅಕ್ಷರ ಬದಲಾದ ನೊಣಗಳ ಮೇಲೆ ಮಾಡಿ ನೋಡಬೇಕು. ನನಗೆ ಅದನ್ನು ಮಾಡುವ ಆಸೆ ಇದೆ.


ಸುಮಾ, ರಾಜಾಜಿನಗರ:

ಇಬ್ಬರಿಗೂ ತುಂಬಾ ಧನ್ಯವಾದ. ಸೋಮವಾರದ ತರಗತಿಯಲ್ಲಿ ಆ ಬಗ್ಗಿದ ಗೆರೆಯ ಗ್ರಾಫನ್ನು ಬರೆಯುತ್ತೇನೆ. ನೋಟ್ಸಿನ ಬಿಸಿಯ ಭಾಗವನ್ನು 2019ರ ಪ್ರಯೋಗದ ಜೊತೆ ಇಟ್ಟು ಹೇಳುತ್ತೇನೆ, ಹೇಗೆ ಪರೀಕ್ಷೆಯಾಯಿತು ಎಂದೂ ಹೇಳುತ್ತೇನೆ.

ಮಕ್ಕಳಿಗೆ ಏನಾದರೂ ಮಾಡಿ ನೋಡುವ ಆಸೆ. ನಮ್ಮಲ್ಲಿ ಜೆಲ್ ಓಡಿಸುವ ಸಾಮಾನು ಇಲ್ಲ. ಬೇರೆ ಬೇರೆ ಪ್ರಮಾಣದ ಆಲ್ಕೋಹಾಲ್ ಬೆರೆಸಿದ ಆಹಾರದಲ್ಲಿ ಎಷ್ಟು ಮರಿಹುಳು ನೊಣವಾಗುತ್ತವೆ ಎಂದು ಎಣಿಸಿದರೆ ಹೇಗೆ? ಆಲ್ಕೋಹಾಲಿಗೆ ಸ್ಯಾನಿಟೈಸರ್ ಸಾಕಾ?


ಹೆಬ್ಬಾಳ ನೊಣದ ಕೋಣೆ:

ಸ್ಯಾನಿಟೈಸರ್ ಖಂಡಿತ ಬೇಡ ಮೇಡಂ. ಎಷ್ಟೋ ಸ್ಯಾನಿಟೈಸರ್‌ನಲ್ಲಿ ಇರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ನೊಣದ ಕಿಣ್ವ ಅದನ್ನು ಅಸಿಟೋನ್ ಮಾಡುತ್ತದೆ, ನಿಮ್ಮ ಪ್ರಯೋಗವೇ ಬೇರೆಯಾಗುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲೂ ಬೇರೆ ಪದಾರ್ಥ ಬೆರೆತಿರುತ್ತದೆ. ನಿಮ್ಮ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಶುದ್ಧ ಎಥನಾಲ್ ಇದ್ದರೆ ಅದನ್ನು ಕೇಳಿ. ಅದನ್ನು ನೀವೇ ಅಳೆದು ಹಾಕಿ, ಹತ್ತಿರ ಬೆಂಕಿ ಇರಬಾರದು.

ಆಹಾರಕ್ಕೆ ಮೈಸೂರಿನ ಅಳತೆಯೇ ಸಾಕು. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಕುದಿಸಿ ಇಳಿಸಿದ ಮೇಲೆ ಬೂಷ್ಟು ಬಾರದಂತೆ 7.5 ಮಿ.ಲೀ. ಪ್ರೊಪಿಯೋನಿಕ್ ಆಮ್ಲ. ಕೆಲವು ಲ್ಯಾಬುಗಳಲ್ಲಿ ಬೂಷ್ಟಿಗೆ ನಿಪಾಜಿನ್ ಹಾಕುತ್ತಾರೆ. ಅದನ್ನು ಕರಗಿಸುವುದು ಎಥನಾಲಿನಲ್ಲೇ. ಹಾಗಾಗಿ ಆಲ್ಕೋಹಾಲ್ ಇಲ್ಲ ಎಂದುಕೊಂಡ ಸೀಸೆಯಲ್ಲೂ ಆಲ್ಕೋಹಾಲ್ ಬಂದುಬಿಡುತ್ತದೆ. ಈ ಪ್ರಯೋಗಕ್ಕೆ ಪ್ರೊಪಿಯೋನಿಕ್ ಆಮ್ಲವೇ ಸರಿ. ಎಥನಾಲನ್ನು ಆಹಾರ ಗಟ್ಟಿಯಾಗುವ ಸ್ವಲ್ಪ ಮೊದಲು, ಕೈಗೆ ಬೆಚ್ಚಗೆ ಅನ್ನಿಸುವಾಗ ಬೆರೆಸಿ. ಬಿಸಿ ಇರುವಾಗ ಹಾಕಿದರೆ ಹಾರಿಹೋಗುತ್ತದೆ. ಹತ್ತಿಯ ಬಿರಡೆಯಿಂದಲೂ ನಿಧಾನವಾಗಿ ಹಾರುತ್ತದೆ, ಆದ್ದರಿಂದ ಎಲ್ಲ ಸೀಸೆಗೂ ಒಂದೇ ಥರ ಬಿರಡೆ ಹಾಕಿ, ಒಂದೇ ದಿನ ಶುರು ಮಾಡಿ.

ಪ್ರತಿ ಸೀಸೆಗೂ ಮೊಟ್ಟೆ ಎಣಿಸಿಯೇ ಹಾಕಬೇಕು. ಮರಿಹುಳುಗಳ ಗುಂಪು ಜಾಸ್ತಿಯಾದರೆ ಆಲ್ಕೋಹಾಲ್ ಇಲ್ಲದೆಯೂ ಸಾಯುತ್ತವೆ. 25 ಡಿಗ್ರಿಯಲ್ಲಿ ಸುಮಾರು 10 ದಿನಕ್ಕೆ ನೊಣ ಹೊರಬರುತ್ತದೆ. ಏಪ್ರಿಲ್‌ನಲ್ಲಿ ಮಾಡಬೇಡಿ. ಕೋಣೆ 30 ಡಿಗ್ರಿ ದಾಟಿದರೆ ಗಂಡುಗಳು ಬಂಜೆಯಾಗಬಹುದು, ಮುಂದಿನ ಪೀಳಿಗೆ ಸಿಗದೆ ಹೋಗಬಹುದು.

ಇನ್ನೊಂದು ಮುಖ್ಯ. ನಿಮ್ಮ ಬಾಟಲಿಗೆ ಬಿದ್ದದ್ದೆಲ್ಲ ಮೆಲನೊಗ್ಯಾಸ್ಟರ್ ಅಲ್ಲ. ಬೆಂಗಳೂರಿನ ಮನೆಗಳಲ್ಲಿ ಅನನಾಸೆ ಎಂಬ ಜಾತಿಯೂ ಇರುತ್ತದೆ, ಹೊರಗೆ ನಸುಟಾ ಕೂಡ. ಗಂಡನ್ನು ಲೆನ್ಸಿನಲ್ಲಿ ನೋಡಿ. ಮೆಲನೊಗ್ಯಾಸ್ಟರ್ ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಿನ ಮೇಲೆ ಕಪ್ಪು ಬಾಚಣಿಗೆಯಂಥ ಒಂದು ಸಾಲು ಇರುತ್ತದೆ. ಒಂದೊಂದು ಹೆಣ್ಣನ್ನು ಬೇರೆ ಬೇರೆ ಸೀಸೆಗೆ ಬಿಟ್ಟು, ಅದರ ಗಂಡುಮಕ್ಕಳನ್ನು ನೋಡಿ ಜಾತಿ ಖಚಿತ ಮಾಡಿಕೊಂಡರೆ ಗೊಂದಲ ಇರುವುದಿಲ್ಲ. ಹಾಗೆ ಬೇರೆ ಮಾಡಿದ ಸೀಸೆಗಳಿಗೆ ಸಿಕ್ಕಿದ ಜಾಗ, ತಾರೀಖು ಬರೆದ ಚೀಟಿ ಅಂಟಿಸಿ. ಜೆಲ್ ಮಾಡುವ ಅನುಕೂಲ ಎಲ್ಲಾದರೂ ಸಿಕ್ಕಿದರೆ ಅವೇ ಕುಟುಂಬಗಳನ್ನು ಓಡಿಸಬಹುದು. ಆ ಹುಡುಗಿಗೆ ಬೇಕಾದ ಬೆಂಗಳೂರಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.